ಗಮನ ನಿಲ್ಲುತ್ತಿಲ್ಲ, ಮೈ ಚಡಪಡಿಸುತ್ತಿದೆ: ಎಡಿಎಚ್‌ಡಿಯೋ ಆತಂಕವೋ ತಿಳಿಯುವುದು ಹೇಗೆ?

ಪುಸ್ತಕ ತೆರೆದು ಅರ್ಧ ಗಂಟೆಯಾಗಿದೆ, ಪುಟ ಮಗುಚಿಲ್ಲ. ಮೇಜಿನ ಕೆಳಗೆ ಕಾಲು ತಾನಾಗಿಯೇ ಅಲ್ಲಾಡುತ್ತಿದೆ. ಕಚೇರಿಯಲ್ಲಿ ಒಂದು ಇಮೇಲ್ ಬರೆಯಲು ಕುಳಿತವರು ಎದ್ದು ಹೋಗಿ ನೀರು ಕುಡಿದು ಬಂದಿದ್ದಾರೆ, ಮೊಬೈಲ್ ನೋಡಿದ್ದಾರೆ, ಮತ್ತೆ ಎದ್ದಿದ್ದಾರೆ. ಇಮೇಲ್ ಮೊದಲ ಸಾಲಿನಲ್ಲೇ ನಿಂತಿದೆ. ಇಂಥ ಅನುಭವ ಇರುವವರು ಎಡಿಎಚ್‌ಡಿಯ (ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ) ಬಗ್ಗೆ ಒಂದು ನಿಮಿಷದ ವಿಡಿಯೊ ನೋಡಿದರೆ ‘ಇದು ನನ್ನ ಕಥೆಯೇ’ ಎನ್ನಿಸುತ್ತದೆ. ಮರುದಿನ ಆತಂಕದ ಕಾಯಿಲೆಯ ಬಗ್ಗೆ ಓದಿದರೆ ಅದೂ ತಮ್ಮದೇ ಕಥೆ ಅನ್ನಿಸುತ್ತದೆ.

ಈ ಗೊಂದಲ ಸಹಜ. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಎಂಬ ಕೈಪಿಡಿಯಲ್ಲಿ (2013) ಸಾಮಾನ್ಯೀಕೃತ ಆತಂಕದ ಕಾಯಿಲೆಗೆ (ಹಲವು ವಿಷಯಗಳ ಬಗ್ಗೆ ಬಿಡದೆ ಕಾಡುವ ಚಿಂತೆ) ಆರು ಲಕ್ಷಣಗಳನ್ನು ಕೊಟ್ಟಿದ್ದಾರೆ: ಚಡಪಡಿಕೆ, ಬೇಗ ಸುಸ್ತಾಗುವುದು, ಏಕಾಗ್ರತೆ ಸಿಗದಿರುವುದು, ಸಿಡುಕು, ಸ್ನಾಯುಗಳ ಬಿಗಿತ, ನಿದ್ರೆಯ ತೊಂದರೆ. ಇವುಗಳಲ್ಲಿ ಮೊದಲನೆಯದೂ ಮೂರನೆಯದೂ ಎಡಿಎಚ್‌ಡಿಯ ಪಟ್ಟಿಯಲ್ಲೂ ಇವೆ. ಹಾಗಾಗಿ ಇವತ್ತು ಕಾಣುವ ಲಕ್ಷಣವನ್ನೇ ಎಷ್ಟು ತಿರುವಿ ನೋಡಿದರೂ ಉತ್ತರ ಸಿಗುವುದಿಲ್ಲ. ನೋಡಬೇಕಾದದ್ದು ಎರಡು ಸಂಗತಿ: ಇದು ಯಾವ ವಯಸ್ಸಿನಲ್ಲಿ ಶುರುವಾಯಿತು, ಮತ್ತು ಗಮನ ತಪ್ಪಿದಾಗ ಮನಸ್ಸು ಎಲ್ಲಿಗೆ ಹೋಗುತ್ತದೆ. ಇವೆರಡರ ಬಗ್ಗೆ ಸಾಕಷ್ಟು ವಿವರ ಕಲೆಹಾಕಿಕೊಂಡು ವೈದ್ಯರ ಬಳಿ ಹೋದವರಿಗೆ ಸರಿಯಾದ ನಿರ್ಣಯ ಸಿಗುವ ಸಾಧ್ಯತೆ ಹೆಚ್ಚು. ಈ ಬರಹ ಆ ತಯಾರಿಗೆ. ಇದನ್ನು ಓದಿ ನಿಮಗೆ ನೀವೇ ಕಾಯಿಲೆಯ ಹೆಸರು ಇಟ್ಟುಕೊಳ್ಳಬೇಡಿ. ಇದು 18 ದಾಟಿದವರಿಗಾಗಿ ಬರೆದದ್ದು. ಮಕ್ಕಳ ವಿಷಯದಲ್ಲಿ ಕ್ರಮ ಬೇರೆ, ಅದಕ್ಕೆ ಮಕ್ಕಳ ಮನೋವೈದ್ಯರನ್ನೇ ಕಾಣಬೇಕು.

ಮೊದಲ ಹೆಜ್ಜೆ: ದೇಹದ ಕಡೆ ನೋಡಿ

ಮನಸ್ಸಿನ ವಿಚಾರಕ್ಕೆ ಹೋಗುವ ಮೊದಲು ನಿದ್ರೆಯ ಲೆಕ್ಕ ಹಾಕಿ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ರೆ ಬೇಕು. ರಾತ್ರಿ ಪಾಳಿಯಲ್ಲಿ ದುಡಿಯುವವರು, ಎಳೆ ಮಗುವಿರುವ ತಾಯಂದಿರು, ಬೆಳಗಿನ ಜಾವದ ಕಂಪನಿ ಬಸ್ ಹಿಡಿಯುವವರು ತಿಂಗಳುಗಟ್ಟಲೆ 5 ಗಂಟೆ ಮಲಗಿದ್ದರೆ ಗಮನ ಚದುರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಜೋರಾಗಿ ಗೊರಕೆ ಹೊಡೆಯುವ, ಎಷ್ಟು ಮಲಗಿದರೂ ಬೆಳಿಗ್ಗೆ ತಲೆ ಭಾರವಾಗಿರುವ ವ್ಯಕ್ತಿ ನೀವಾಗಿದ್ದರೆ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಇದೆಯೇ ಎಂದು ವೈದ್ಯರನ್ನು ಕೇಳಿ. ಅದು ಹಗಲಿನ ಏಕಾಗ್ರತೆಯನ್ನು ತಿಂದುಹಾಕುತ್ತದೆ.

ಆಮೇಲೆ ರಕ್ತಪರೀಕ್ಷೆ. ಥೈರಾಯ್ಡ್ ಹೆಚ್ಚಾದರೆ ಎದೆ ಡವಡವ, ಕೈ ನಡುಕ, ಬೆವರು, ಚಡಪಡಿಕೆ ಬರುತ್ತವೆ. ನೋಡಿದವರು ಗಾಬರಿ ಎಂದೇ ತಿಳಿಯುತ್ತಾರೆ. ಥೈರಾಯ್ಡ್ ಕಡಿಮೆಯಾದರೆ ಮಂಕು ಕವಿಯುತ್ತದೆ, ಹೇಳಿದ್ದು ನೆನಪಿರುವುದಿಲ್ಲ. ರಕ್ತಹೀನತೆ ನಮ್ಮಲ್ಲಿ ತೀರ ಸಾಮಾನ್ಯ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ 57ರಷ್ಟು ಜನರಿಗೆ ಅದು ಕಂಡುಬಂದಿತ್ತು. ಕಬ್ಬಿಣಾಂಶ ಕಡಿಮೆಯಾದವರಿಗೆ ರಾತ್ರಿ ಮಲಗಿದಾಗ ಕಾಲು ಜುಮುಗುಟ್ಟಿ ಆಡಿಸುತ್ತಲೇ ಇರಬೇಕೆನ್ನಿಸುವುದೂ ಉಂಟು. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಹೆಚ್ಚು. ಹಿಮೋಗ್ಲೋಬಿನ್, ಫೆರಿಟಿನ್ (ಕಬ್ಬಿಣಾಂಶದ ಸಂಗ್ರಹ), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಬಿ12, ರಕ್ತದ ಸಕ್ಕರೆ ಇಷ್ಟನ್ನು ಯಾವ ಕುಟುಂಬ ವೈದ್ಯರೂ ಬರೆದುಕೊಡುತ್ತಾರೆ. ನಲವತ್ತರ ಮಧ್ಯಭಾಗದಲ್ಲಿರುವ ಮಹಿಳೆಯರು ಮುಟ್ಟಿನ ಏರುಪೇರನ್ನೂ ತಪ್ಪದೆ ಹೇಳಬೇಕು. ಮುಟ್ಟು ನಿಲ್ಲುವ ಮೊದಲಿನ ವರ್ಷಗಳಲ್ಲಿ ಮರೆವು, ತಳಮಳ, ನಿದ್ರಾಭಂಗ ಮೂರೂ ಒಟ್ಟಿಗೆ ಬರಬಹುದು.

ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳ ಚೀಟಿಯನ್ನೂ ತೆಗೆದು ನೋಡಿ. ಉಬ್ಬಸಕ್ಕೆ ಎಳೆದುಕೊಳ್ಳುವ ಸಾಲ್ಬುಟಮಾಲ್, ಸ್ಟೀರಾಯ್ಡ್ ಮಾತ್ರೆ, ಕಟ್ಟಿದ ಮೂಗು ಬಿಡಿಸುವ ಕೆಲವು ನೆಗಡಿ ಮಾತ್ರೆಗಳು ಮೈಯನ್ನು ನಡುಗಿಸುತ್ತವೆ. ವಾಂತಿ ನಿಲ್ಲಿಸಲು ಕೊಡುವ ಮೆಟೊಕ್ಲೊಪ್ರಮೈಡ್‌ನಿಂದ ಮತ್ತು ಕೆಲವು ಮನೋರೋಗದ ಔಷಧಿಗಳಿಂದ ಕುಳಿತಲ್ಲಿ ಕೂರಲಾಗದ ವಿಪರೀತ ಚಡಪಡಿಕೆ ಹುಟ್ಟುವುದುಂಟು. ಹಾಗೇನಾದರೂ ಆಗಿದ್ದರೆ ಮಾತ್ರೆಯನ್ನು ನೀವಾಗಿ ನಿಲ್ಲಿಸದೆ, ಬರೆದುಕೊಟ್ಟ ವೈದ್ಯರಿಗೆ ಆ ದಿನವೇ ತಿಳಿಸಿ.

ಇನ್ನು ಕಾಫಿ. ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ದೇಹದಿಂದ ಹೊರಹೋಗಲು ಸುಮಾರು 5 ಗಂಟೆ ಬೇಕಾಗುತ್ತದೆ. ಸಂಜೆ ಆರಕ್ಕೆ ಕುಡಿದ ಗಟ್ಟಿ ಫಿಲ್ಟರ್ ಕಾಫಿ ಹನ್ನೊಂದಕ್ಕೂ ನಿಮ್ಮೊಳಗೆ ಕೆಲಸ ಮಾಡುತ್ತಿರುತ್ತದೆ. ಎರಡು ವಾರ ಮಧ್ಯಾಹ್ನದ ನಂತರ ಕಾಫಿ, ಚಹಾ ಬಿಟ್ಟು ನೋಡಿ. ಬದಲಾವಣೆ ಆದರೂ ಆಗದಿದ್ದರೂ ಅದು ವೈದ್ಯರಿಗೆ ಉಪಯೋಗಕ್ಕೆ ಬರುವ ಮಾಹಿತಿಯೇ.

ಎರಡನೆಯ ಹೆಜ್ಜೆ: ಬಾಲ್ಯವನ್ನು ವಿಚಾರಿಸಿ

ಇಡೀ ತಯಾರಿಯಲ್ಲಿ ನಾನು ಅತ್ಯಂತ ಮುಖ್ಯವೆಂದು ತಿಳಿದಿರುವುದು ಈ ಹೆಜ್ಜೆಯನ್ನು. ಎಡಿಎಚ್‌ಡಿ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ಮೂವತ್ತನೇ ವಯಸ್ಸಿನಲ್ಲಿ ಅದು ಹೊಸದಾಗಿ ಹುಟ್ಟುವುದಿಲ್ಲ. ಮೂವತ್ತರಲ್ಲಿ ಗೊತ್ತಾಗಬಹುದು, ಅಷ್ಟೆ. ಅದರ ಹಲವು ಲಕ್ಷಣಗಳು 12 ವರ್ಷ ತುಂಬುವ ಮೊದಲೇ ಕಾಣಿಸಿರಬೇಕು ಎನ್ನುತ್ತದೆ ಡಿಎಸ್‌ಎಂ-5. ಮನೆ, ಶಾಲೆ, ಕಚೇರಿ, ಗೆಳೆಯರ ಬಳಗ, ಇವುಗಳಲ್ಲಿ ಕನಿಷ್ಠ ಎರಡು ಕಡೆ ತೊಂದರೆ ಕೊಟ್ಟಿರಬೇಕು. ಆತಂಕದ ಕಾಯಿಲೆ ಯಾವ ವಯಸ್ಸಿನಲ್ಲೂ ಶುರುವಾಗಬಹುದು. ಎಷ್ಟೋ ಬಾರಿ ಅದಕ್ಕೆ ಒಂದು ಗುರುತು ಇರುತ್ತದೆ: ಅಪ್ಪನಿಗೆ ಹೃದಯಾಘಾತವಾದ ವರ್ಷ, ಕೆಲಸ ಹೋದ ತಿಂಗಳು, ಹೊಸ ಮ್ಯಾನೇಜರ್ ಬಂದ ದಿನ. ‘ಮೊದಲು ಹೀಗಿರಲಿಲ್ಲ, ಮೂರು ವರ್ಷದಿಂದ ಹೀಗೆ’ ಎಂದು ಖಚಿತವಾಗಿ ಹೇಳಬಲ್ಲವರು ಎಡಿಎಚ್‌ಡಿಗಿಂತ ಮೊದಲು ಬೇರೆ ಕಾರಣಗಳನ್ನು ಹುಡುಕಬೇಕು.

ನಮ್ಮ ನೆನಪು ಇಲ್ಲಿ ಸಾಲದು. ಹಿರಿಯರನ್ನು ಕೇಳಬೇಕು, ಕೇಳುವ ರೀತಿಯೂ ಸರಿ ಇರಬೇಕು. ಅಮ್ಮನನ್ನು ‘ನಾನು ಚಿಕ್ಕಂದಿನಲ್ಲಿ ಹೇಗಿದ್ದೆ?’ ಎಂದು ಕೇಳಿದರೆ ‘ಚೆನ್ನಾಗಿಯೇ ಇದ್ದೆ, ಯಾಕೆ ಈಗ?’ ಎನ್ನುತ್ತಾರೆ. ಕಾಯಿಲೆಯ ಹೆಸರು ತೆಗೆದರಂತೂ ತಮ್ಮ ಸಾಕಣೆಯ ಮೇಲೆ ಆರೋಪ ಬಂತೆಂದು ನೊಂದುಕೊಳ್ಳುತ್ತಾರೆ. ಸಣ್ಣ ಸಣ್ಣ ಸಂಗತಿ ಕೇಳಿ. ಬೆಳಿಗ್ಗೆ ಶಾಲೆಗೆ ಹೊರಡಿಸಲು ಎಷ್ಟು ಸಲ ಕೂಗಬೇಕಿತ್ತು? ಕಂಪಾಸ್ ಬಾಕ್ಸ್, ಊಟದ ಡಬ್ಬಿ, ಸ್ವೆಟರ್ ಕಳೆದುಕೊಂಡು ಬರುತ್ತಿದ್ದೆನೇ? ಅಂಗಡಿಗೆ ಮೂರು ಸಾಮಾನು ಹೇಳಿ ಕಳಿಸಿದರೆ ಎಷ್ಟು ತರುತ್ತಿದ್ದೆ? ಊಟದ ಎಲೆಯ ಮುಂದೆ, ಪೂಜೆಯಲ್ಲಿ ಕೂರಿಸಿದರೆ ಎಷ್ಟು ಹೊತ್ತು ಕೂರುತ್ತಿದ್ದೆ? ಯಾರಾದರೂ ಮಾತನಾಡುತ್ತಿದ್ದರೆ ನಡುವೆ ಬಾಯಿ ಹಾಕುತ್ತಿದ್ದೆನೇ? ಮರದಿಂದ, ಮೆಟ್ಟಿಲಿನಿಂದ ಬಿದ್ದು ಹೊಲಿಗೆ ಹಾಕಿಸಿಕೊಂಡದ್ದು ಎಷ್ಟು ಬಾರಿ? ಇವಕ್ಕೆ ಅಮ್ಮ ನಗುತ್ತಾ ಕಥೆ ಹೇಳತೊಡಗುತ್ತಾರೆ, ಆ ಕಥೆಗಳನ್ನು ಬರೆದುಕೊಳ್ಳಿ. ಅಜ್ಜಿ, ಸೋದರತ್ತೆ, ಅಕ್ಕ ಇದ್ದರೆ ಅವರನ್ನೂ ಕೇಳಿ. ಅಪ್ಪನ ಅಥವಾ ಸೋದರಮಾವನ ಸ್ವಭಾವವೂ ಹೀಗೆಯೇ ಇತ್ತೇ ಎಂದು ವಿಚಾರಿಸಿ, ಏಕೆಂದರೆ ಎಡಿಎಚ್‌ಡಿ ವಂಶವಾಹಿಗಳ ಮೂಲಕ ಬರುವುದು ಹೆಚ್ಚು.

ಶಾಲೆಯ ಹಳೆಯ ಪ್ರಗತಿಪತ್ರ ಟ್ರಂಕಿನಲ್ಲಿದ್ದರೆ ಹುಡುಕಿ ತೆಗೆಯಿರಿ. ಅಂಕಗಳಿಗಿಂತ ಕೆಳಗೆ ಕ್ಲಾಸ್ ಟೀಚರ್ ಬರೆದ ಒಂದು ಸಾಲು ಬೆಲೆಯುಳ್ಳದ್ದು. ‘ಬುದ್ಧಿವಂತ, ಆದರೆ ಗಮನ ಕೊಡುವುದಿಲ್ಲ’, ‘ಅತಿಯಾಗಿ ಮಾತನಾಡುತ್ತಾಳೆ’, ‘ಅಜಾಗರೂಕತೆಯ ತಪ್ಪುಗಳು’ ಎಂಬ ಮಾತು ಮೂರನೇ ತರಗತಿಯಿಂದ ಏಳನೇ ತರಗತಿಯವರೆಗೆ, ಬೇರೆ ಬೇರೆ ಶಿಕ್ಷಕರ ಕೈಬರಹದಲ್ಲಿ ಮರುಕಳಿಸಿದ್ದರೆ ಅದು ವೈದ್ಯರು ಗಂಭೀರವಾಗಿ ಪರಿಗಣಿಸುವ ದಾಖಲೆ.

ಒಳ್ಳೆಯ ಅಂಕ ಬಂದಿತ್ತು ಎಂಬ ಕಾರಣಕ್ಕೆ ಈ ಸಾಧ್ಯತೆಯನ್ನು ತಳ್ಳಿಹಾಕಬೇಡಿ. ನಮ್ಮ ಅನೇಕ ಮನೆಗಳಲ್ಲಿ ಮಗುವಿನ ದಿನಚರಿಯನ್ನು ಅಮ್ಮ ನಡೆಸುತ್ತಾಳೆ. ಎಬ್ಬಿಸುವುದು, ಬ್ಯಾಗ್ ಜೋಡಿಸುವುದು, ಪಕ್ಕದಲ್ಲಿ ಕೂತು ಹೋಂವರ್ಕ್ ಮಾಡಿಸುವುದು, ಟ್ಯೂಷನ್‌ಗೆ ಬಿಡುವುದು, ಎಲ್ಲವೂ ಅವಳದೇ. ಎಸ್‌ಎಸ್‌ಎಲ್‌ಸಿ, ಪಿಯುಸಿವರೆಗೆ ಎಲ್ಲವೂ ಸರಿಯಾಗಿ ನಡೆಯುತ್ತದೆ. ಎಂಜಿನಿಯರಿಂಗ್‌ಗೆಂದು ಹಾಸ್ಟೆಲ್ ಸೇರಿದ ಮೊದಲ ಸೆಮಿಸ್ಟರ್‌ನಲ್ಲಿ ವಿಷಯಗಳು ಬಾಕಿ ಉಳಿಯತೊಡಗುತ್ತವೆ. ಆಗ ಎಲ್ಲರೂ ಊರು ಬಿಟ್ಟ ಆತಂಕ ಎನ್ನುತ್ತಾರೆ. ಆತಂಕವೂ ಇರಬಹುದು, ಮನೆಯವರು ಕೊಟ್ಟಿದ್ದ ಆಸರೆ ಕಳಚಿದಾಗ ಮೊದಲಿನಿಂದ ಇದ್ದ ತೊಂದರೆ ಬಯಲಾದದ್ದೂ ಇರಬಹುದು. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಹೆಚ್ಚು ಕಣ್ತಪ್ಪುತ್ತದೆ. ಬೆಂಚಿನ ಮೇಲೆ ಹತ್ತಿ ಕುಣಿಯುವ ಹುಡುಗ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಕಿಟಕಿಯಾಚೆ ನೋಡುತ್ತಾ ಸದ್ದಿಲ್ಲದೆ ಪಾಠ ತಪ್ಪಿಸಿಕೊಳ್ಳುವ ಹುಡುಗಿಯನ್ನು ‘ಪಾಪದ ಹುಡುಗಿ, ಸ್ವಲ್ಪ ಮಂಕು’ ಎಂದು ಬಿಟ್ಟುಬಿಡುತ್ತಾರೆ. ಹೀಗೆ ಬಿಟ್ಟುಹೋದವರು ಇಂದು ಮೂವತ್ತು, ನಲವತ್ತರಲ್ಲಿದ್ದಾರೆ, ತಮ್ಮನ್ನು ತಾವೇ ಸೋಮಾರಿ ಎಂದು ಬೈದುಕೊಂಡು ಬದುಕುತ್ತಿದ್ದಾರೆ. ಅವರನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಬಾಲ್ಯದಲ್ಲೇ ಆತಂಕ ಇದ್ದವರೂ ಇರುತ್ತಾರೆ. ಸೋಮವಾರ ಬೆಳಿಗ್ಗೆ ಹೊಟ್ಟೆನೋವು, ಪರೀಕ್ಷೆಯ ಹಿಂದಿನ ರಾತ್ರಿ ವಾಂತಿ, ಅಪ್ಪ ಬರುವುದು ತಡವಾದರೆ ಗೇಟಿನ ಬಳಿಯೇ ನಿಂತು ಅಳುವುದು, ಒಂದು ಅಕ್ಷರ ತಪ್ಪಾದರೆ ಇಡೀ ಹಾಳೆ ಹರಿದು ಮತ್ತೆ ಬರೆಯುವುದು. ಇಂಥವು ನೆನಪಾದರೆ ಅವನ್ನೂ ಬರೆದುಕೊಳ್ಳಿ.

ಮೂರನೆಯ ಹೆಜ್ಜೆ: ಒಂದು ವಾರದ ಟಿಪ್ಪಣಿ

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಗಮನ ತಪ್ಪಿದ್ದು ಅರಿವಾದ ಕೂಡಲೇ ನಾಲ್ಕು ಸಂಗತಿ ಬರೆಯಿರಿ: ಗಂಟೆ ಎಷ್ಟು, ಏನು ಮಾಡುತ್ತಿದ್ದಿರಿ, ಮನಸ್ಸು ಎಲ್ಲಿಗೆ ಹೋಗಿತ್ತು, ಮೈಯಲ್ಲಿ ಏನಾಗುತ್ತಿತ್ತು. ಎಲ್ಲ ಸಲವೂ ಬರೆಯಲು ಆಗುವುದಿಲ್ಲ, ದಿನಕ್ಕೆ ಮೂರು ನಾಲ್ಕು ಸಿಕ್ಕರೆ ಸಾಕು.

ಲೆಕ್ಕಪತ್ರದ ಕೆಲಸ ಮಾಡುವ ಇಬ್ಬರು ಹೀಗೆ ಬರೆದಿದ್ದಾರೆ ಎಂದುಕೊಳ್ಳಿ. ಒಬ್ಬರ ಟಿಪ್ಪಣಿ: ‘10.40. ಜಿಎಸ್‌ಟಿ ರಿಟರ್ನ್ಸ್ ತುಂಬುತ್ತಿದ್ದೆ. ಪಕ್ಕದ ಮನೆಯ ಮಿಕ್ಸಿ ಸದ್ದು ಕೇಳಿತು. ಚಟ್ನಿ ನೆನಪಾಯಿತು, ಅದರಿಂದ ಊರಿನ ತೆಂಗಿನ ತೋಟ. ಕಾಯಿಗೆ ಈಗ ಎಷ್ಟು ಬೆಲೆ ಎಂದು ಮೊಬೈಲ್‌ನಲ್ಲಿ ಹುಡುಕಿದೆ. ಅಲ್ಲಿಂದ ಹನಿ ನೀರಾವರಿಯ ವಿಡಿಯೊ. ನೋಡಿದರೆ 11.20. ಮೈಗೆ ಏನೂ ಆಗಿರಲಿಲ್ಲ, ಕಾಲು ಮಾತ್ರ ಆಡುತ್ತಿತ್ತು.’ ಇನ್ನೊಬ್ಬರ ಟಿಪ್ಪಣಿ: ‘10.40. ಅದೇ ರಿಟರ್ನ್ಸ್. ಮೊತ್ತ ತಪ್ಪಾದರೆ ನೋಟಿಸ್ ಬರುತ್ತದೆ, ಸಾರ್ ಎಲ್ಲರೆದುರು ಬೈಯುತ್ತಾರೆ, ಕೆಲಸ ಹೋದರೆ ಮನೆ ಸಾಲದ ಕಂತು ಏನು ಮಾಡುವುದು. ಒಂದೇ ಕಾಲಂ ನಾಲ್ಕು ಸಲ ಕೂಡಿಸಿದೆ. ಭುಜ ಬಿಗಿದಿತ್ತು, ಅಂಗೈ ಒದ್ದೆ, ಹೊಟ್ಟೆಯಲ್ಲಿ ಕಲಸಿದಂತೆ.’

ಇಬ್ಬರ ಕೆಲಸವೂ ಮುಗಿದಿಲ್ಲ. ಮೊದಲನೆಯವರ ಗಮನ ಎದುರಿಗೆ ಸಿಕ್ಕ ಯಾವುದರ ಹಿಂದೆ ಬೇಕಾದರೂ ಹೋಗಿದೆ, ಅದಕ್ಕೆ ಗೊತ್ತಾದ ದಿಕ್ಕಿಲ್ಲ, ಹೋದದ್ದೂ ಹಿತವಾಗಿಯೇ ಇತ್ತು. ಎರಡನೆಯವರ ಗಮನಕ್ಕೆ ಒಂದೇ ದಿಕ್ಕು: ಮುಂದೆ ಏನು ಕೆಡುಕಾಗುತ್ತದೋ ಎಂಬುದು. ವಾರದ ಕೊನೆಗೆ ನಿಮ್ಮ ಪುಟಗಳನ್ನು ಓದಿದಾಗ ಹೆಚ್ಚಿನವು ಯಾವ ಬಗೆಯವು ಎಂಬುದು ತಕ್ಕಮಟ್ಟಿಗೆ ಕಾಣುತ್ತದೆ.

ಟಿಪ್ಪಣಿಯ ಜೊತೆಗೆ ಇನ್ನೂ ಕೆಲವನ್ನು ಗಮನಿಸಿ. ಚಿಂತೆ ಇಲ್ಲದ ದಿನ, ದಸರಾ ರಜೆಯಲ್ಲಿ ಊರಿಗೆ ಹೋಗಿ ಹಾಯಾಗಿ ಇದ್ದಾಗ ಗಮನ ಹೇಗಿರುತ್ತದೆ? ಆತಂಕವೇ ಮೂಲವಾಗಿದ್ದರೆ ಮನಸ್ಸು ತಣ್ಣಗಾದಾಗ ಕಾದಂಬರಿಯ ನೂರು ಪುಟ ಓದಿಸಿಕೊಂಡು ಹೋಗಬಹುದು. ಎಡಿಎಚ್‌ಡಿ ಇದ್ದವರು ನೆಮ್ಮದಿಯ ದಿನಗಳಲ್ಲೂ ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾರೆ, ಬೀಗದ ಕೈ ಹುಡುಕುತ್ತಾರೆ. ಹಾಗೆಂದು ಎಡಿಎಚ್‌ಡಿ ಇದ್ದವರಿಗೆ ಗಮನವೇ ಇಲ್ಲ ಎಂದಲ್ಲ. ಇಷ್ಟವಾದ ವಿಷಯ ಸಿಕ್ಕರೆ ಊಟ ನಿದ್ರೆ ಬಿಟ್ಟು ಅದರಲ್ಲೇ ಮುಳುಗುತ್ತಾರೆ. ಮನೆಯವರು ‘ಬೇಕಾದ್ದಕ್ಕೆ ಮಾತ್ರ ಗಮನ ಇರುತ್ತದೆ’ ಎಂದು ದೂರುವುದು ಈ ಕಾರಣಕ್ಕೆ. ತಪ್ಪುಗಳ ರೀತಿಯೂ ಬೇರೆ. ಒಬ್ಬರು ಅರ್ಜಿ ತುಂಬಿ ಮತ್ತೊಮ್ಮೆ ನೋಡದೆ ಕಳಿಸಿಬಿಡುತ್ತಾರೆ, ಇನ್ನೊಬ್ಬರು ಹತ್ತು ಸಲ ನೋಡಿಯೂ ಕಳಿಸಲು ಹೆದರುತ್ತಾರೆ. ಕೆಲಸ ಮುಂದೂಡುವುದು ಮಾತ್ರ ಎರಡರಲ್ಲೂ ಇದೆ. ಅದರಿಂದ ಏನನ್ನೂ ತೀರ್ಮಾನಿಸಬೇಡಿ.

ಎರಡೂ ಇದ್ದರೆ, ಎರಡೂ ಅಲ್ಲದಿದ್ದರೆ

‘ಇದೋ ಅದೋ’ ಎಂಬ ಪ್ರಶ್ನೆಗೆ ‘ಎರಡೂ’ ಎಂಬುದು ಬಹಳ ಸಾಮಾನ್ಯ ಉತ್ತರ. ಎಡಿಎಚ್‌ಡಿ ಇರುವ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಯಾವುದಾದರೊಂದು ಬಗೆಯ ಆತಂಕದ ಕಾಯಿಲೆಯೂ ಇರುವುದು ಅಮೆರಿಕದ ದೊಡ್ಡ ಸಮೀಕ್ಷೆಯೊಂದರಲ್ಲಿ ಕಂಡಿದೆ. ಇದರಲ್ಲಿ ಆಶ್ಚರ್ಯವಿಲ್ಲ. ಇಪ್ಪತ್ತು ವರ್ಷ ಕರೆಂಟ್ ಬಿಲ್ ಕಟ್ಟುವುದು ಮರೆತು, ಬಸ್ ತಪ್ಪಿಸಿಕೊಂಡು, ಬೈಸಿಕೊಂಡು ಬಂದವರಿಗೆ ‘ಇವತ್ತು ಏನು ಮರೆತಿದ್ದೇನೋ’ ಎಂಬ ಭಯ ಮೈಗೂಡಿಬಿಡುತ್ತದೆ. ಕೆಲವರು ಆ ಭಯದ ಬಲದಿಂದಲೇ ಬದುಕನ್ನು ಹಳಿಯ ಮೇಲೆ ಇಟ್ಟಿರುತ್ತಾರೆ. ಆತಂಕಕ್ಕೆ ಚಿಕಿತ್ಸೆ ಸಿಕ್ಕಿ ಭಯ ಇಳಿದಾಗ ಮರೆವು ಹೆಚ್ಚಾದಂತೆ ಕಾಣುತ್ತದೆ. ಹಾಗಾದರೆ ಅದನ್ನು ವೈದ್ಯರಿಗೆ ಹೇಳಬೇಕು, ಚಿಕಿತ್ಸೆ ಕೆಲಸ ಮಾಡಲಿಲ್ಲ ಎಂದು ಬಿಟ್ಟುಬಿಡಬಾರದು.

ಎರಡೂ ಅಲ್ಲದ ಸಾಧ್ಯತೆಗಳೂ ಇವೆ. ಖಿನ್ನತೆಯಲ್ಲಿ ಗಮನ ಕುಂದುತ್ತದೆ, ಜೊತೆಗೆ ಮೊದಲು ಇಷ್ಟವಾಗುತ್ತಿದ್ದ ಯಾವುದೂ ರುಚಿಸುವುದಿಲ್ಲ. ಮದ್ಯ, ಗಾಂಜಾ ಬಳಕೆ ಇದ್ದರೆ ಅದನ್ನು ಮುಚ್ಚಿಟ್ಟು ಪರೀಕ್ಷೆಗೆ ಹೋಗುವುದರಲ್ಲಿ ಅರ್ಥವಿಲ್ಲ. ಕೆಲವೇ ದಿನಗಳ ಅವಧಿಯಲ್ಲಿ ನಿದ್ರೆಯೇ ಬೇಡವೆನ್ನಿಸಿ, ಸುಸ್ತೂ ಆಗದೆ, ಮಾತು ಹೆಚ್ಚಾಗಿ, ಹಣ ನೀರಿನಂತೆ ಖರ್ಚಾಗಿ, ಆಮೇಲೆ ಎಲ್ಲವೂ ಇಳಿದುಹೋದ ಅನುಭವ ಎಂದಾದರೂ ಆಗಿದ್ದರೆ ಅದನ್ನು ಮೊದಲ ಭೇಟಿಯಲ್ಲೇ ಹೇಳಿ. ಅದು ಬೈಪೋಲಾರ್ ಕಾಯಿಲೆಯ ಸೂಚನೆಯಾಗಿರಬಹುದು, ಆಗ ಔಷಧಿಯ ಆಯ್ಕೆಯೇ ಬದಲಾಗುತ್ತದೆ.

ನಾಲ್ಕನೆಯ ಹೆಜ್ಜೆ: ಪ್ರಶ್ನಾವಳಿಗಳನ್ನು ಅಳತೆಯರಿತು ಬಳಸಿ

ಎರಡು ಪ್ರಶ್ನಾವಳಿಗಳು ಉಚಿತವಾಗಿ ಸಿಗುತ್ತವೆ. ಆತಂಕಕ್ಕೆ ಜಿಎಡಿ-7: ಕಳೆದ ಎರಡು ವಾರಗಳ ಬಗ್ಗೆ ಏಳು ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 3 ಅಂಕ, ಒಟ್ಟು 21. 10 ಅಥವಾ ಹೆಚ್ಚು ಬಂದರೆ ವೈದ್ಯರನ್ನು ಕಾಣುವುದು ಒಳ್ಳೆಯದು. ಎಡಿಎಚ್‌ಡಿಗೆ ವಿಶ್ವ ಆರೋಗ್ಯ ಸಂಸ್ಥೆಯ ಎಎಸ್‌ಆರ್‌ಎಸ್: ಕಳೆದ ಆರು ತಿಂಗಳ ಬಗ್ಗೆ 18 ಪ್ರಶ್ನೆ, ಅವುಗಳಲ್ಲಿ ಮೊದಲ ಆರು ಮುಖ್ಯ. ಆ ಆರರಲ್ಲಿ ನಾಲ್ಕು ಅಥವಾ ಹೆಚ್ಚು ಉತ್ತರಗಳು ಬಣ್ಣ ತುಂಬಿದ ಚೌಕಗಳಲ್ಲಿ ಬಿದ್ದರೆ ಮುಂದಿನ ಪರೀಕ್ಷೆ ಬೇಕು ಎಂದರ್ಥ. ಇವೆರಡೂ ಜರಡಿಗಳು ಮಾತ್ರ. ಆತಂಕ ಹೆಚ್ಚಿರುವವರಿಗೆ ಎಎಸ್‌ಆರ್‌ಎಸ್‌ನಲ್ಲೂ ಅಂಕ ಏರುತ್ತದೆ, ಏಕೆಂದರೆ ಅದು ಬಾಲ್ಯದ ಬಗ್ಗೆ ಕೇಳುವುದೇ ಇಲ್ಲ. ತುಂಬಿದ ಹಾಳೆಯನ್ನು ಜೊತೆಗೆ ಒಯ್ಯಿರಿ, ನಿರ್ಣಯವೆಂದು ಯಾರಿಗೂ ಹೇಳಿಕೊಂಡು ತಿರುಗಬೇಡಿ.

ಐದನೆಯ ಹೆಜ್ಜೆ: ಯಾರ ಬಳಿ ಹೋಗಬೇಕು, ಏನು ಹೇಳಬೇಕು

ಔಷಧಿ ಬರೆಯುವ ಅಧಿಕಾರ ಇರುವುದು ಮನೋವೈದ್ಯರಿಗೆ. ವಿಸ್ತಾರವಾದ ಮನೋಪರೀಕ್ಷೆ ಮತ್ತು ಮಾತಿನ ಚಿಕಿತ್ಸೆಗೆ ಚಿಕಿತ್ಸಾ ಮನೋವಿಜ್ಞಾನಿಗಳಿದ್ದಾರೆ. ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿಯಾಗಿದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ. ಸಾಮಾಜಿಕ ಜಾಲತಾಣದಲ್ಲಿ ತಮ್ಮನ್ನು ‘ಕೋಚ್’ ಎಂದು ಕರೆದುಕೊಳ್ಳುವವರು ನಿರ್ಣಯ ಕೊಡುವಂತಿಲ್ಲ.

ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಸರ್ಕಾರಿ ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗ ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಕಡಿಮೆ ಖರ್ಚಿನಲ್ಲಿ ಮನೋವೈದ್ಯರು ಸಿಗುತ್ತಾರೆ. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಕ್ಲಿನಿಕ್ ನಡೆಸುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿ ಹೋಗಿ. ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಈ ಸೇವೆ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತನಾಡಬಹುದು. ಬದುಕೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಮೇಲಿನ ಹೆಜ್ಜೆಗಳನ್ನೆಲ್ಲ ಬಿಟ್ಟು ಈ ಕ್ಷಣವೇ ಆ ಸಂಖ್ಯೆಗೆ ಕರೆ ಮಾಡಿ, ಅಥವಾ ಹತ್ತಿರದವರನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ.

ಮನೋವೈದ್ಯರ ಬಳಿ ಹೋದರೆ ಜನ ಏನೆನ್ನುತ್ತಾರೋ ಎಂಬ ಹಿಂಜರಿಕೆ ಈಗಲೂ ದೊಡ್ಡದು. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದೆ ಉಳಿದವರು ಶೇ 70ರಿಂದ 92ರಷ್ಟು. ನೀವು ಹೇಳಿದ್ದನ್ನು ಗೋಪ್ಯವಾಗಿಡುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ನಿಮಗಿರುವ ಹಕ್ಕು. ಕಚೇರಿಗೆ ತಿಳಿಸಬೇಕೇ ಬೇಡವೇ ಎಂಬುದು ನಿಮ್ಮ ನಿರ್ಧಾರ.

ಒಳಗೆ ಹೋದ ಮೇಲೆ ‘ನನಗೆ ಎಡಿಎಚ್‌ಡಿ ಇದೆ’ ಎಂದು ಶುರು ಮಾಡಬೇಡಿ. ‘ಡಾಕ್ಟರೇ, ಕೆಲಸದಲ್ಲಿ ಗಮನ ನಿಲ್ಲುತ್ತಿಲ್ಲ, ಇಷ್ಟು ವರ್ಷದಿಂದ ಹೀಗಿದೆ, ಇದರಿಂದ ಇಂಥಿಂಥ ನಷ್ಟವಾಗಿದೆ’ ಎಂದು ಹೇಳಿ ಟಿಪ್ಪಣಿ, ಪ್ರಗತಿಪತ್ರ, ರಕ್ತಪರೀಕ್ಷೆಯ ವರದಿ ಮುಂದಿಡಿ. ಸಾಧ್ಯವಾದರೆ ಅಮ್ಮನನ್ನೋ ಅಣ್ಣನನ್ನೋ ಸಂಗಾತಿಯನ್ನೋ ಜೊತೆಗೆ ಕರೆದೊಯ್ಯಿರಿ. ಒಳ್ಳೆಯ ವೈದ್ಯರು ಬಾಲ್ಯ, ಮನೆಯವರ ಆರೋಗ್ಯ, ನಿದ್ರೆ, ಮನಸ್ಸಿನ ಏರಿಳಿತ, ಚಟಗಳು ಎಲ್ಲವನ್ನೂ ಕೇಳುತ್ತಾರೆ; ಇದಕ್ಕೆ ಒಂದಕ್ಕಿಂತ ಹೆಚ್ಚು ಭೇಟಿ ಬೇಕಾಗಬಹುದು. ಐದು ನಿಮಿಷದಲ್ಲಿ ‘ಹೌದು’ ಎಂದರೂ ‘ದೊಡ್ಡವರಿಗೆ ಇದೆಲ್ಲ ಇರುವುದಿಲ್ಲ’ ಎಂದರೂ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ಎಡಿಎಚ್‌ಡಿಯನ್ನಾಗಲೀ ಆತಂಕದ ಕಾಯಿಲೆಯನ್ನಾಗಲೀ ಮಿದುಳಿನ ಸ್ಕ್ಯಾನ್ ಅಥವಾ ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಮಾಡಿ ನಿರ್ಣಯಿಸಲು ಆಗುವುದಿಲ್ಲ. ಅದಕ್ಕೆಂದು ಸಾವಿರಾರು ರೂಪಾಯಿ ಕೇಳಿದರೆ ಕೊಡಬೇಡಿ.

ಕಾಯುವ ದಿನಗಳಲ್ಲಿ

ಭೇಟಿಗೆ ಇನ್ನೂ ದಿನಗಳಿದ್ದರೆ, ನಿರ್ಣಯ ಯಾವುದೇ ಆಗಲಿ ಹಾನಿಯಿಲ್ಲದ ಕೆಲವನ್ನು ಮಾಡಬಹುದು. ದಿನವೂ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಚಡಪಡಿಕೆಗೂ ಗಮನಕ್ಕೂ ಇದು ಸಹಾಯಕ. ಕೆಲಸವನ್ನು ಇಪ್ಪತ್ತು ನಿಮಿಷದ ತುಂಡುಗಳಾಗಿ ಮಾಡಿ, ಮೊಬೈಲ್ ಬೇರೆ ಕೋಣೆಯಲ್ಲಿಡಿ. ಬೇರೊಬ್ಬರು ತಮ್ಮ ಕೆಲಸ ಮಾಡುತ್ತಾ ಪಕ್ಕದಲ್ಲಿ ಕುಳಿತಿದ್ದರೆ ಹಲವರಿಗೆ ಕೆಲಸ ಸಾಗುತ್ತದೆ. ಊರಿನ ಗ್ರಂಥಾಲಯ ಇದಕ್ಕೆ ಒಳ್ಳೆಯ ಜಾಗ. ಚಿಂತೆ ಹೆಚ್ಚಿದ್ದರೆ ಸಂಜೆ ಹದಿನೈದು ನಿಮಿಷ ಅದಕ್ಕೆಂದೇ ಗೊತ್ತುಮಾಡಿ, ಹಗಲಿನಲ್ಲಿ ಬಂದ ಚಿಂತೆಯನ್ನು ಹಾಳೆಯಲ್ಲಿ ಬರೆದು ಆ ಹೊತ್ತಿಗೆ ಮುಂದೂಡಿ. ಧ್ಯಾನಕ್ಕೆ ಕುಳಿತಾಗ ತಳಮಳ ಇನ್ನೂ ಹೆಚ್ಚಾದರೆ ಬಲವಂತ ಮಾಡಿಕೊಳ್ಳಬೇಡಿ.

ಮಾಡಲೇಬಾರದ್ದು ಎರಡು. ಪರೀಕ್ಷೆಯ ಸಮಯದಲ್ಲಿ ಗೆಳೆಯ ಕೊಟ್ಟ ‘ಗಮನದ ಮಾತ್ರೆ’ ನುಂಗಿ, ಏಕಾಗ್ರತೆ ಬಂತು, ಹಾಗಾದರೆ ನನಗೆ ಎಡಿಎಚ್‌ಡಿ ಇದೆ ಎಂದು ತೀರ್ಮಾನಿಸುವುದು ಮೊದಲನೆಯದು. ಆ ಮಾತ್ರೆ ಕಾಯಿಲೆ ಇಲ್ಲದವರಲ್ಲೂ ಎಚ್ಚರ ಹೆಚ್ಚಿಸುತ್ತದೆ, ಅದು ಪುರಾವೆಯಾಗುವುದಿಲ್ಲ. ಎರಡನೆಯದು, ಹಳೆಯ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಿಂದ ಆಲ್ಪ್ರಜೋಲಂ ಎಂಬ ಆತಂಕದ ಮಾತ್ರೆ ತಂದು ತಿನ್ನುವುದು. ಅದು ತಕ್ಷಣ ಸಮಾಧಾನ ಕೊಡುತ್ತದೆ. ಗಮನವನ್ನು ಇನ್ನಷ್ಟು ಮಂದ ಮಾಡುತ್ತದೆ, ಕೆಲವೇ ವಾರಗಳಲ್ಲಿ ಬಿಡಲಾಗದಂತೆ ಅಂಟಿಕೊಳ್ಳಬಹುದು. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸದೆ ವೈದ್ಯರ ನೆರವಿನಿಂದ ಇಳಿಸಿ.

ಚಿಕಿತ್ಸೆ ಶುರುವಾದ ಮೇಲೆ

ಆತಂಕಕ್ಕೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ, ಬೇಕಾದರೆ ಎಸ್‌ಎಸ್‌ಆರ್‌ಐ ಗುಂಪಿನ ಔಷಧಿ ಕೊಡುತ್ತಾರೆ. ಈ ಔಷಧಿಗಳ ಗುಣ ಕಾಣಲು ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ಚಡಪಡಿಕೆ ಸ್ವಲ್ಪ ಹೆಚ್ಚಲೂಬಹುದು. ಎಡಿಎಚ್‌ಡಿಗೆ ಭಾರತದಲ್ಲಿ ಸಾಮಾನ್ಯವಾಗಿ ಕೊಡುವುದು ಮಿಥೈಲ್‌ಫೆನಿಡೇಟ್ ಅಥವಾ ಅಟೊಮೊಕ್ಸೆಟಿನ್. ಮೊದಲನೆಯದು ತೆಗೆದುಕೊಂಡ ದಿನವೇ ಕೆಲಸ ಮಾಡುತ್ತದೆ, ಎರಡನೆಯದಕ್ಕೆ ವಾರಗಳು ಬೇಕು. ಎರಡೂ ಎದೆಬಡಿತ ಮತ್ತು ರಕ್ತದೊತ್ತಡವನ್ನು ಏರಿಸಬಹುದಾದ್ದರಿಂದ ಅವನ್ನು ಮೊದಲೇ ಅಳೆಯುತ್ತಾರೆ. ಮನೆಯಲ್ಲಿ ಹೃದಯದ ಕಾಯಿಲೆ ಇದ್ದವರು ಯಾರಾದರೂ ಇದ್ದರೆ ಹೇಳಿ. ಮಿಥೈಲ್‌ಫೆನಿಡೇಟ್ ಮಾದಕವಸ್ತು ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ ಎಲ್ಲ ಔಷಧಿ ಅಂಗಡಿಗಳಲ್ಲಿ ಸಿಗುವುದಿಲ್ಲ. ಯಾವ ಅಂಗಡಿಯಲ್ಲಿದೆ ಎಂದು ವೈದ್ಯರನ್ನೇ ಕೇಳಿ, ಮಾತ್ರೆ ಮುಗಿಯುವ ಒಂದು ವಾರ ಮೊದಲೇ ತರಲು ವ್ಯವಸ್ಥೆ ಮಾಡಿಕೊಳ್ಳಿ. ಅಮೆರಿಕದಲ್ಲಿ ಆಂಫೆಟಮಿನ್ ಗುಂಪಿನ ಔಷಧಿ ತೆಗೆದುಕೊಂಡು ಈಗ ಊರಿಗೆ ಮರಳುತ್ತಿರುವವರು ಹೊರಡುವ ಮೊದಲೇ ಅಲ್ಲಿಯ ವೈದ್ಯರಿಂದ ನಿರ್ಣಯದ ಪತ್ರ ಬರೆಸಿಕೊಂಡು, ಬದಲಿ ಔಷಧಿಯ ಬಗ್ಗೆ ಮಾತನಾಡಿ ಬರಬೇಕು. ಅಲ್ಲಿ ಬಳಸುವ ಆಂಫೆಟಮಿನ್ ಔಷಧಿಗಳು ಇಲ್ಲಿನ ಅಂಗಡಿಗಳಲ್ಲಿ ಮಾರಾಟಕ್ಕಿಲ್ಲ.

ಎರಡೂ ಇದ್ದಾಗ ಯಾವುದಕ್ಕೆ ಮೊದಲು ಚಿಕಿತ್ಸೆ ಎಂಬುದನ್ನು ವೈದ್ಯರು ಹೆಚ್ಚು ಬಾಧಿಸುತ್ತಿರುವುದು ಯಾವುದು ಎಂದು ನೋಡಿ ನಿರ್ಧರಿಸುತ್ತಾರೆ. ಅದಕ್ಕಾಗಿ ಟಿಪ್ಪಣಿಯ ಪುಸ್ತಕವನ್ನು ಮುಂದುವರಿಸಿ. ಮಾತ್ರೆ ತೆಗೆದುಕೊಂಡ ಹೊತ್ತು, ಕೆಲಸ ಎಷ್ಟು ಗಂಟೆ ಸಾಗಿತು, ಹಸಿವು, ನಿದ್ರೆ, ಎದೆಬಡಿತ, ಚಿಂತೆ ಏರಿತೇ ಇಳಿಯಿತೇ ಎಂಬುದನ್ನು ದಿನಕ್ಕೆ ಎರಡು ಸಾಲು ಬರೆದರೆ ಸಾಕು. ಮಿಥೈಲ್‌ಫೆನಿಡೇಟ್ ಶುರು ಮಾಡಿದ ಮೇಲೆ ಗಮನ ಸುಧಾರಿಸಿಯೂ ಗಾಬರಿ ಹೆಚ್ಚಾದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ, ಫೋನ್ ಮಾಡಿ ಹೇಳಿ. ಪ್ರಮಾಣ ತಗ್ಗಿಸುವ ಅಥವಾ ಔಷಧಿ ಬದಲಿಸುವ ದಾರಿ ಅವರ ಬಳಿ ಇರುತ್ತದೆ.